ಮಲಗಿದ ರ್ಯಾಕು, ನಿಂತ ಅತ್ತೆ

ಮನೆಯಲ್ಲಿ ಸಾಮಾನು ಹೆಚ್ಚಿದಷ್ಟೂ ಮನುಷ್ಯರು ಕೂರುವ ಜಾಗ ಕಡಿಮೆಯಾಗುತ್ತ ಹೋಗುತ್ತದೆ ಎಂಬ ಸತ್ಯವನ್ನು ನಾನು ಯಾವ ಪುಸ್ತಕದಲ್ಲೂ ಓದಿದವನಲ್ಲ, ನಿಂತು ನಿಂತೇ ಕಲಿತವನು. ನಾರಾಯಣಪೇಟೆಯ ನಮ್ಮ ಮನೆಯ ಪಡಸಾಲೆಗೆ ಯಾರು ಬಂದರೂ ಮೊದಲು ಸುತ್ತಲೂ ಒಮ್ಮೆ ಕಣ್ಣಾಡಿಸುತ್ತಾರೆ. ಮನೆಯ ಅಂದಚಂದ ನೋಡುತ್ತಿದ್ದಾರೆಂದು ಹೊಸತರಲ್ಲಿ ನಾನು ಹಿಗ್ಗುತ್ತಿದ್ದೆ. ಆಮೇಲೆ ತಿಳಿಯಿತು, ಅವರು ಹುಡುಕುತ್ತಿರುವುದು ಕೂರುವ ಜಾಗವನ್ನು. ಒಂದು ಕುರ್ಚಿಯ ಮೇಲೆ ಇಸ್ತ್ರಿಗೆ ಹೋಗಬೇಕಾದ ಬಟ್ಟೆ, ಇನ್ನೊಂದರ ಮೇಲೆ ಇಸ್ತ್ರಿಯಾಗಿ ಬಂದ ಬಟ್ಟೆ, ಮತ್ತೊಂದರ ಮೇಲೆ ಈ ಎರಡರಲ್ಲಿ ಯಾವ ಪಕ್ಷಕ್ಕೆ ಸೇರಬೇಕೆಂದು ಇನ್ನೂ ತೀರ್ಮಾನವಾಗದ ಬಟ್ಟೆ. ಬಂದವರು ಬಾಗಿಲ ಹತ್ತಿರವೇ ನಿಂತು, "ಕುಂದ್ರಂಗಿಲ್ರೀ ಸಾರ್, ಸ್ವಲ್ಪ ಅರ್ಜಂಟ್ ಐತಿ" ಎಂದು ಸುಳ್ಳು ಹೇಳುತ್ತಾರೆ. "ಛೇ, ಚಾ ಕುಡಿದು ಹೋಗ್ರಿ" ಎಂದು ನಾನೂ ಒಂದು ಸುಳ್ಳು ಹೇಳುತ್ತೇನೆ. ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

ಆದರೆ ಗದ್ವಾಲದ ನಮ್ಮ ಬಸಮ್ಮತ್ತೆಗೆ ಇಂಥ ಸುಳ್ಳುಗಳು ಬರುವುದಿಲ್ಲ. ಬಸಮ್ಮತ್ತೆ ನನ್ನ ತಂದೆಯ ತಂಗಿ. ನಮ್ಮ ಹಳ್ಳಿಯಲ್ಲಿ ಹೈಸ್ಕೂಲು ಇರಲಿಲ್ಲವಾದ್ದರಿಂದ ನನ್ನನ್ನು ಗದ್ವಾಲಕ್ಕೆ ಕರೆದೊಯ್ದು, ತನ್ನ ಮನೆಯಲ್ಲಿಟ್ಟುಕೊಂಡು, ಜೋಳದ ರೊಟ್ಟಿ ಬಡಿದು ಹಾಕಿ ಓದಿಸಿದವಳು ಅವಳೇ. ನಾನು ಇವತ್ತು ಮಖ್ತಲ್ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತ ನಾಲ್ಕು ಜನರಲ್ಲಿ ಒಬ್ಬ ಎನ್ನಿಸಿಕೊಂಡಿದ್ದರೆ ಅದಕ್ಕೆ ಅವಳ ರೊಟ್ಟಿ ಮತ್ತು ಅವಳ ಬೈಗುಳ ಎರಡೂ ಸಮಸಮ ಕಾರಣ. ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಅವಳ ಮೊಣಕಾಲು ಮಾತ್ರ ಅವಳ ಮಾತಿನಷ್ಟು ಗಟ್ಟಿ ಉಳಿಯಲಿಲ್ಲ. ಎರಡಕ್ಕೂ ಆಪರೇಷನ್ ಆಗಿ, ಇನ್ನು ಮುಂದೆ ನೆಲದ ಮೇಲೆ ಕೂರಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಕುರ್ಚಿಯ ಮೇಲೆ ಕೂರಬಹುದಲ್ಲ ಎಂದು ನೀವು ಕೇಳಬಹುದು. ಕೋಸಗಿಯ ಒಂದು ಮದುವೆಯಲ್ಲಿ ಅತ್ತೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ಅಕ್ಷತೆ ಹಾಕಲು ಎಲ್ಲರೂ ಎದ್ದು ನಿಂತಾಗ ಇವಳೂ ಏಳಲು ಮೈಭಾರ ಹಿಂದಕ್ಕೆ ಹಾಕಿದಳು; ಕುರ್ಚಿಯ ಕಾಲುಗಳು ನಾಲ್ಕು ದಿಕ್ಕಿಗೆ ಹರಡಿಕೊಂಡವು. ಪೆಟ್ಟೇನೂ ಆಗಲಿಲ್ಲ. ಆದರೆ ಎಲ್ಲರ ಕೈಯಲ್ಲಿದ್ದ ಅಕ್ಷತೆ ಮದುಮಕ್ಕಳ ಕಡೆ ಹೋಗುವ ಬದಲು ಇವಳ ಮೇಲೆ ಬಿತ್ತು. ಅಂದಿನಿಂದ ಪ್ಲಾಸ್ಟಿಕ್ ಕುರ್ಚಿಯನ್ನು ಅತ್ತೆ ತನ್ನ ಜನ್ಮದ ವೈರಿಯಂತೆ ಕಾಣುತ್ತಾಳೆ. ನಮ್ಮ ಮನೆಯ ಕುರ್ಚಿಗಳೆಲ್ಲ ಅದೇ ಪ್ಲಾಸ್ಟಿಕ್ಕಿನವು.

ಆಪರೇಷನ್ ಆದಮೇಲೆ ಅವಳು ನಮ್ಮ ಮನೆಗೆ ಬಂದದ್ದೇ ಇಲ್ಲ. ನಾನೇ ಆಗಾಗ ಗದ್ವಾಲಕ್ಕೆ ಹೋಗಿ, ಒಂದು ಹೊತ್ತು ಉಂಡು, ವಾಚು ನೋಡುತ್ತ ವಾಪಸು ಬರುತ್ತಿದ್ದೆ. ಇದು ನನಗೆ ಒಳಗೇ ಚುಚ್ಚುತ್ತಿತ್ತು. ಅಷ್ಟು ವರ್ಷ ಅವಳ ಮನೆಯಲ್ಲಿ ಉಂಡವನು ನಾನು. ಅವಳು ನನ್ನ ಮನೆಯಲ್ಲಿ ನಾಲ್ಕು ದಿನ ಆರಾಮಾಗಿ ಕೂತು ಉಣ್ಣಲಿ ಎಂಬುದು ನನ್ನ ದೊಡ್ಡ ಆಸೆ. ಈ ಸಲ ಫೋನಿನಲ್ಲಿ ಪಟ್ಟು ಹಿಡಿದೆ.

"ಮಾಳ್ಯಾ, ನಿನ್ನ ಮನಿಗೆ ಬರಾಕ ನನಗೇನ್ ಬ್ಯಾಸರಿಲ್ಲ. ಬಂದು ಕುಂದ್ರೋದು ಎಲ್ಲಿ, ಅದನ್ನ ಹೇಳು. ನೆಲಕ್ಕ ಕುಂತ್ರ ನನ್ನ ಎಬ್ಬಸಾಕ ಊರ ಮಂದಿ ಬರಬೇಕು" ಎಂದಳು.

"ಒಳಗ ಮಂಚ ಐತಲ್ಲ ಅತ್ತಿ, ಮೆತ್ತಗ ಗಾದಿ ಹಾಸೇವಿ" ಎಂದೆ.

"ಹಗಲ ಹೊತ್ತಿನ್ಯಾಗ ಒಳಗ ಮಂಚದ ಮ್ಯಾಲ ಕುಂದ್ರಾಕ ನಾ ಏನ್ ಬಾಣಂತಿಯೇನೋ? ಪಡಸಾಲ್ಯಾಗ ಕುಂತ್ರ ನಾಕು ಮಂದಿ ಮಾರಿ ಕಾಣಬೇಕು, ಓಣಿ ಕಾಣಬೇಕು. ನೋಡು, ಮುಂದಿನ ವಾರ ಬರ್ತೀನಿ. ಕುಂದ್ರಾಕ ಸರಿ ಇತ್ತಂದ್ರ ಎಂಟು ದಿನ ಇರ್ತೀನಿ. ಇಲ್ಲಂದ್ರ ಸಂಜಿ ಬಸ್ಸಿಗೇ ತಿರುಗಿ ಹೋಗ್ತೀನಿ. ಆಮ್ಯಾಲ ಅತ್ತಿ ಸಿಟ್ಟಾದ್ಲು ಅನಬ್ಯಾಡ."

ಒಂದು ಸೋಫಾ ತಂದರಾಯಿತಲ್ಲ ಎಂದು ನನ್ನ ಹೆಂಡತಿ ಸಾವಿತ್ರಿ ಹೇಳಿದಳು. ಆದರೆ ಸೋಫಾದ ಮೇಲೆ ಕೂತವರು ಅದರೊಳಕ್ಕೆ ಇಳಿದುಬಿಡುತ್ತಾರೆ. ಅತ್ತೆಗೆ ಇಳಿಯುವುದು ಸುಲಭ, ಏಳುವುದು ಕಷ್ಟ. ಅವಳಿಗೆ ಬೇಕಾದದ್ದು ಗಟ್ಟಿಯಾದ, ಮೊಣಕಾಲಿಗೆ ಸರಿಯಾದ ಎತ್ತರದ, ಗೋಡೆಗೆ ಬೆನ್ನು ಕೊಟ್ಟು ಕೂರಬಹುದಾದ ಒಂದು ಬೆಂಚು. ಹೀಗೆ ಯೋಚಿಸುತ್ತಿದ್ದಾಗ ನನ್ನ ಕಣ್ಣು ಪಡಸಾಲೆಯ ಮೂಲೆಯಲ್ಲಿದ್ದ ಸೊಂಟದೆತ್ತರದ ರ್ಯಾಕಿನ ಮೇಲೆ ಬಿತ್ತು.

ಆ ರ್ಯಾಕಿನ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಅದನ್ನು ಮಖ್ತಲ್‌ನ ಒಂದು ಅಂಗಡಿಯಲ್ಲಿ, ಅಗ್ಗಕ್ಕೆ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಕೊಂಡಿದ್ದೆ. ಕಟ್ಟಿಗೆಯ ಹೊಟ್ಟಿಗೆ ಅಂಟು ಹಾಕಿ ಒತ್ತಿ ಮಾಡಿದ ಹಲಗೆ, ಮೇಲೆ ತೇಗದ ಬಣ್ಣದ ಕಾಗದ. "ಫುಲ್ ಸ್ಟ್ರಾಂಗ್ ಸಾರ್, ಏಮೀ ಕಾದು" ಎಂದು ಅಂಗಡಿಯವನು ತೆಲುಗಿನಲ್ಲಿ ಭರವಸೆ ಕೊಟ್ಟಿದ್ದ, ಏನೂ ಆಗೋದಿಲ್ಲ ಎಂದು. ಅವನ ಮಾತು ನಿಜವೇ. ಆ ರ್ಯಾಕಿನಿಂದ ಏನೂ ಆಗಲಿಲ್ಲ. ಪುಸ್ತಕ ಇಡಲೆಂದು ತಂದದ್ದು, ಪುಸ್ತಕ ಇಟ್ಟೊಡನೆ ಬಲಕ್ಕೆ ವಾಲಿತು. ಬಲಗಡೆ ಕೆಳಗೆ ರಟ್ಟು ಮಡಿಚಿ ಇಟ್ಟರೆ ಎಡಕ್ಕೆ ವಾಲಿತು. ಬಿಡಿಬಿಡಿಯಾಗಿ ಬಂದದ್ದನ್ನು ಜೋಡಿಸಿದವನು ನಾನೇ ಆದ್ದರಿಂದ, ನಮ್ಮ ಮನೆಯ ನೆಲವೇ ಸಮ ಇಲ್ಲ ಎಂದು ಸಾವಿತ್ರಿಗೆ ತಿಳಿಸಿದೆ. "ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ" ಎಂದು ಅವಳು ಅಡುಗೆಮನೆಗೆ ಹೋದಳು. ಕಡೆಗೆ ಪುಸ್ತಕಗಳು ಮತ್ತೆ ಅಟ್ಟ ಸೇರಿ, ರ್ಯಾಕಿನ ಖಾನೆಗಳಲ್ಲಿ ಚಪ್ಪಲಿ, ಹೆಲ್ಮೆಟ್ಟು, ಸತ್ತುಹೋದ ಫೋನುಗಳ ಚಾರ್ಜರು, ಮತ್ತು ಪ್ಲಾಸ್ಟಿಕ್ ಚೀಲಗಳನ್ನು ತುರುಕಿದ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಬಂದು ಕೂತವು. ಬಾಗಿಲು ಜೋರಾಗಿ ಹಾಕಿದರೆ ಈಗಲೂ ಅದು ಒಮ್ಮೆ ಓಲಾಡುತ್ತಿತ್ತು.

ನಿಂತರೆ ವಾಲುವುದನ್ನು ಮಲಗಿಸಿದರೆ ವಾಲುವುದು ಹೇಗೆ ಸಾಧ್ಯ? ಈ ಪ್ರಶ್ನೆ ನನಗೆ ಹೊಳೆದದ್ದು ಫೋನಿನಲ್ಲಿ ಒಂದು ವಿಡಿಯೊ ನೋಡುವಾಗ. ಅದರಲ್ಲಿ ಒಬ್ಬಾತ ನನ್ನದೇ ಜಾತಿಯ ರ್ಯಾಕನ್ನು ಅಡ್ಡ ಮಲಗಿಸಿ, ಮೇಲೊಂದು ಮೆತ್ತೆ ಹಾಕಿ, ಖಾನೆಗಳ ಮುಂದೆ ಪರದೆ ಬಿಟ್ಟು, ಅದನ್ನು ಬೆಂಚು ಮಾಡಿಬಿಟ್ಟ. ಮೇಲೆ ಕೂರಬಹುದು, ಕೆಳಗೆ ಸಾಮಾನು ತುಂಬಬಹುದು. ಇಂಥ ವಿಡಿಯೊಗಳಲ್ಲಿ ಒಂದು ವಿಶೇಷವನ್ನು ನೀವೂ ಗಮನಿಸಿರಬಹುದು. ಅಲ್ಲಿ ಕೊರೆದರೆ ಪುಡಿ ಬೀಳುವುದಿಲ್ಲ, ಮೊಳೆ ಬಾಗುವುದಿಲ್ಲ, ಕರೆಂಟು ಹೋಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, "ಇದೇನ್ರಿ ನಡಸೀರಿ?" ಎಂದು ಸೊಂಟದ ಮೇಲೆ ಕೈಯಿಟ್ಟು ಕೇಳುವ ಹೆಂಡತಿ ಅಲ್ಲಿ ಇರುವುದಿಲ್ಲ.

"ಬೆಂಚ್ ಮಾಡಾಕತ್ತೀನಿ, ಅತ್ತಿಗೆ" ಎಂದೆ.

"ಬ್ಯಾಡ್ರಿ. ಅದನ್ನ ಗುಜರಿಗೆ ಹಾಕ್ರಿ. ಕೋಸಗ್ಯಾಗ ಕುರ್ಚಿಯಿಂದ ಬಿದ್ದಾರ, ಇಲ್ಲಿ ನಿಮ್ಮ ಕೈಯಿಂದ ಬೀಳೋದು ಬ್ಯಾಡ."

ಗಣಿತದ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಭಾರವನ್ನು ಹೇಗೆ ಹಂಚಬೇಕೆಂದು ಅವಳಿಗೆ ಒಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಅವಳು ಆ ಕಾಗದದಲ್ಲಿ ಒಗ್ಗರಣೆಯ ಸಾಸಿವೆ ಕಟ್ಟಿಕೊಂಡು ಹೋದಳು. ಭಾನುವಾರ ರ್ಯಾಕನ್ನು ಮಲಗಿಸಿದೆ. ಮಲಗಿದ ರ್ಯಾಕು ವಾಲಲಿಲ್ಲ, ನಿಜ. ಆದರೆ ನಾನು ಮೇಲೆ ಕೂತು ನೋಡಿದಾಗ ಹಲಗೆ ನಡುವೆ ತಗ್ಗಾಗಿ, ಮುರಿಯುವ ಮುಂಚಿನ ಒಂದು ಸಣ್ಣ ಸದ್ದು ಮಾಡಿತು. ನಾನು ಅತ್ತೆಗಿಂತ ಹಗುರ. ಮೇಲಿನ ಹಲಗೆಗೆ ಬಲ ಬೇಕು ಎಂದು ಹಿತ್ತಲಿಗೆ ಹೋದೆ. ಮನೆ ಕಟ್ಟಿಸುವಾಗ ಉಳಿದ ಒಂದು ಶಾಬಾದಿ ಪರಶಿ, ಅಂದರೆ ನಮ್ಮ ಕಡೆ ನೆಲಕ್ಕೆ ಹಾಕುವ ಕಲ್ಲುಚಪ್ಪಡಿ, ಗೋಡೆಗೆ ಒರಗಿ ನಿಂತಿತ್ತು. ಉದ್ದ ಅಗಲ ರ್ಯಾಕಿಗಿಂತ ತುಸುವೇ ಹೆಚ್ಚು.

ಅದನ್ನು ಎತ್ತಲು ಪಕ್ಕದ ಮನೆಯ ಖಾದರ್‌ಭಾಯಿಯನ್ನು ಕರೆದೆ. ಅವರು ಬಸ್‌ಸ್ಟ್ಯಾಂಡಿನ ಹತ್ತಿರ ಟೈಲರ್ ಅಂಗಡಿ ಇಟ್ಟವರು. ಯಾವ ಕೆಲಸಕ್ಕೆ ಕರೆದರೂ ಬರುತ್ತಾರೆ, ಬಂದಮೇಲೆ ಯಾವ ಕೆಲಸಕ್ಕಾದರೂ ನಗುತ್ತಾರೆ. ಇಬ್ಬರೂ ಏದುಸಿರು ಬಿಡುತ್ತ ಪರಶಿಯನ್ನು ತಂದು ರ್ಯಾಕಿನ ಮೇಲೆ ಇಡಹೋದಾಗ, ಇಟ್ಟರೆ ರ್ಯಾಕು ಪುಡಿಯಾಗುತ್ತದೆ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಪರಶಿಯನ್ನು ಗೋಡೆಗೆ ಒರಗಿಸಿ, ರ್ಯಾಕಿನ ಎರಡು ತುದಿಗೂ ಬೆನ್ನಿಗೂ ಅದಕ್ಕಿಂತ ಒಂದಂಗುಲ ಎತ್ತರಕ್ಕೆ ಇಟ್ಟಿಗೆ ಪೇರಿಸಿ, ಆ ಇಟ್ಟಿಗೆಯ ಮೇಲೆ ಪರಶಿ ಕೂರಿಸಿದೆವು. ಖಾದರ್‌ಭಾಯಿ ಅದರ ಮೇಲೆ ಕೂತು, ಕುಪ್ಪಳಿಸಿ, ಎದ್ದು, ಮತ್ತೆ ಕೂತರು.

"ಅಗದಿ ಪಕ್ಕಾ ಐತ್ರೀ ಸಾರ್. ಆದ್ರ ಒಂದು ಮಾತು. ಇಟ್ಟಂಗಿ ಮ್ಯಾಲ ಪರಶಿ ಐತಿ, ಪರಶಿ ಮ್ಯಾಲ ನಾ ಅದೀನಿ. ಇದರಾಗ ನಿಮ್ಮ ರ್ಯಾಕ್ ಏನ್ ಮಾಡಾಕತ್ತೈತಿ?"

ಯೋಚಿಸಿ ನೋಡಿದರೆ ಅವರ ಮಾತು ನಿಜವಾಗಿತ್ತು. ರ್ಯಾಕು ಯಾರ ಭಾರವನ್ನೂ ಹೊರದೆ ನಡುವೆ ಸುಮ್ಮನೆ ಮಲಗಿತ್ತು. ಆದರೂ ಅದರ ಖಾನೆಗಳು ಖಾನೆಗಳೇ. ಅದರಲ್ಲಿ ಸಾಮಾನು ಇಡಬಹುದಲ್ಲ ಎಂದೆ. ಸಾವಿತ್ರಿಗೂ ಆಗ ಉತ್ಸಾಹ ಬಂತು. ಅತ್ತೆ ಬರುವ ದಿನ ಪಡಸಾಲೆ ಚೊಕ್ಕಟ ಕಾಣಬೇಕೆಂದು ಕುರ್ಚಿಗಳ ಮೇಲಿದ್ದದ್ದು, ನೆಲದ ಮೇಲಿದ್ದದ್ದು, ಬಾಗಿಲ ಹಿಂದಿದ್ದದ್ದು ಎಲ್ಲವನ್ನೂ ಖಾನೆಗಳಿಗೆ ತುಂಬಿದಳು. ಈರುಳ್ಳಿ ಬುಟ್ಟಿಯೂ ಒಳಗೆ ಹೋಯಿತು. ಚಪ್ಪಲಿಗಳು ಮೊದಲಿನಿಂದಲೂ ಅಲ್ಲಿಯ ನಿವಾಸಿಗಳು, ಅವು ಅಲ್ಲೇ ಉಳಿದವು. ಈ ಸಂಪತ್ತು ಹೊರಗೆ ಕಾಣದಂತೆ ತನ್ನ ಒಂದು ಹಳೆಯ ಹಳದಿ ಸೀರೆಯನ್ನು ಕತ್ತರಿಸಿದಳು. ಖಾದರ್‌ಭಾಯಿ ಅದಕ್ಕೆ ಅಂಚು ಹೊಲಿದು, ಮುಂದೆ ಪರದೆಯಾಗಿ ಇಳಿಬಿಟ್ಟರು.

ಇನ್ನು ಉಳಿದದ್ದು ಮೇಲಿನ ಹಾಸು. ಬರೀ ಕಲ್ಲಿನ ಮೇಲೆ ಅತ್ತೆಯನ್ನು ಕೂರಿಸುವುದೇ? ಸ್ಪಂಜು ತರಲು ಹೊರಟವನಿಗೆ ಟ್ರಂಕಿನಲ್ಲಿದ್ದ ಅಜ್ಜನ ಕಂಬಳಿ ನೆನಪಾಯಿತು. ನಮ್ಮದು ಕುರಿ ಕಾಯುವ ಮನೆತನ. ಅಜ್ಜನ ಕಾಲದ ಕರಿಯ ಕಂಬಳಿ, ಬಿಳಿಯ ಅಂಚು, ಬೇವಿನ ಎಲೆ ಹಾಕಿ ಇಟ್ಟದ್ದು, ಒಂದು ಎಳೆಯೂ ಹೋಗಿರಲಿಲ್ಲ. ಅದು ಅತ್ತೆಯ ಅಪ್ಪನ ಕಂಬಳಿ. ಅವಳಿಗೆ ಕೂರಲು ಇದಕ್ಕಿಂತ ಹೆಚ್ಚಿನ ಮರ್ಯಾದೆ ಯಾವುದಿದೆ ಎಂದು ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ನೀಟಾಗಿ ನಾಲ್ಕು ಮಡಿಕೆ ಮಾಡಿ, ಬಿಳಿ ಅಂಚು ಮುಂದೆ ಕಾಣುವಂತೆ ಪರಶಿಯ ಮೇಲೆ ಹಾಸಿದೆ. ಬಾಗಿಲಿಗೆ ಎದುರಾದ ಗೋಡೆ, ಓಣಿ ಚೆನ್ನಾಗಿ ಕಾಣುವ ಜಾಗ. ಆ ಗೋಡೆಯ ಮೇಲೆ ಮೊದಲಿನಿಂದಲೂ ನಮ್ಮ ಮನೆದೇವರು ಮೈಲಾರಲಿಂಗನ ಫೋಟೊ ಇತ್ತು. ಸಾವಿತ್ರಿ ದೂರ ನಿಂತು ನೋಡಿ, "ಭಾಳ ಚಂದ ಕಾಣಸ್ತದ್ರಿ" ಎಂದಳು. ಮದುವೆಯಾದಾಗಿನಿಂದ ನನ್ನ ಕೈಕೆಲಸಕ್ಕೆ ಸಿಕ್ಕ ಮೊದಲ ಶಹಬ್ಬಾಸು ಅದು.

ನಿಮ್ಮಲ್ಲಿ ಕೆಲವರಿಗೆ ಈಗಾಗಲೇ ಗೊತ್ತಾಗಿರಬೇಕು. ಹುಟ್ಟಿನಿಂದ ಕಂಬಳಿಯ ಮೇಲೆ ಬೆಳೆದ ನನಗೆ ಮಾತ್ರ ಗೊತ್ತಾಗಲಿಲ್ಲ.

ಅತ್ತೆ ಮಧ್ಯಾಹ್ನದ ಬಸ್ಸಿಗೆ ಬಂದಳು. ಬಸ್‌ಸ್ಟ್ಯಾಂಡಿನಿಂದ ಆಟೊದಲ್ಲಿ ಕರೆತರುವಾಗ ದಾರಿಯುದ್ದಕ್ಕೂ, "ಎಲ್ಲಿ ಕುಂದ್ರಸ್ತಿ, ಹೇಳೋ" ಎಂದು ಕೇಳಿದಳು. "ಬಂದು ನೋಡು" ಎಂದು ನಾನು ಮೀಸೆಯಲ್ಲೇ ನಕ್ಕೆ. ಮನೆಯ ಮುಂದೆ ಕಾಲು ತೊಳೆದು, ಸಾವಿತ್ರಿಯ ಕೈ ಹಿಡಿದು ಹೊಸ್ತಿಲು ದಾಟಿದಳು. ಎದುರಿನ ಗೋಡೆ ಕಂಡಳು. ನಿಂತುಬಿಟ್ಟಳು. ಕೈಯಲ್ಲಿದ್ದ ಚೀಲ ಕೆಳಗಿಟ್ಟು, ಸೆರಗನ್ನು ತಲೆಯ ಮೇಲೆಳೆದುಕೊಂಡು, ಎರಡೂ ಕೈ ಮುಗಿದು, "ಏಳು ಕೋಟಿಗೋ, ನನ್ನಪ್ಪಾ ಮೈಲಾರಾ" ಎಂದು ದೇವರಿಗೆ ಜಯಕಾರ ಹಾಕಿದಳು. ಅವಳ ಕಣ್ಣಲ್ಲಿ ನೀರಿತ್ತು.

ಆಗ ನನಗೆ ಹೊಳೆಯಿತು. ನಮ್ಮವರಲ್ಲಿ ಬಂದ ಬೀಗರಿಗೂ ಕಂಬಳಿಯನ್ನೇ ಹಾಸುವುದು, ದೇವರಿಗೂ ಕಂಬಳಿಯನ್ನೇ ಹಾಸುವುದು. ಬೀಗರಿಗಾದರೆ ನೆಲದ ಮೇಲೆ ಉದ್ದಕ್ಕೆ ಬಿಚ್ಚಿ ಹಾಸುತ್ತೇವೆ. ನಾಲ್ಕು ಮಡಿಕೆ ಮಾಡಿ, ಅಂಚು ಮುಂದಾಗಿ, ಎತ್ತರದಲ್ಲಿ ಇಟ್ಟರೆ ಅದು ಮೈಲಾರನ ಗದ್ದುಗೆ, ಅಲ್ಲಿ ದೇವರು ಬಂದು ಕೂರುತ್ತಾನೆ. ಕೆಳಗೆ ಹಳದಿ ಬಟ್ಟೆ, ಮೇಲೆ ಫೋಟೊ. ಯಾವುದನ್ನೂ ನಾನು ಬಿಟ್ಟಿರಲಿಲ್ಲ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರಲ್ಲ, ಇಲ್ಲಿ ದೈವ ಬಗೆದದ್ದಕ್ಕೆ ಇಟ್ಟಿಗೆ ಹೊತ್ತವನು ನಾನೇ.

"ಅತ್ತಿ, ಅದು..." ಎಂದು ಬಾಯಿ ತೆರೆದೆ.

"ಏನೂ ಅನಬ್ಯಾಡ" ಎಂದು ಅವಳು ಕಣ್ಣೊರೆಸಿಕೊಂಡಳು. "ಸಾಲಿ ಕಲತು ಪ್ಯಾಟಿ ಸೇರಿದ ಹುಡುಗ, ದೇವರು ದಿಂಡರು ಎಲ್ಲಾ ಮರತಾನ ಅಂತ ಬೈಕೋತಿದ್ದೆ. ನಮ್ಮಪ್ಪನ ಕಂಬಳಿಗೆ ಗದ್ದಿಗಿ ಮಾಡೀಯಲ್ಲೋ ಮಾಳ್ಯಾ. ನನ್ನ ಜೀವ ತಣ್ಣಗಾತು." ಹೀಗೆಂದವಳೇ ಸೊಂಟದ ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದು ಕಂಬಳಿಯ ಮೇಲೆ ಚೆಲ್ಲಿದಳು. ಭಂಡಾರವೆಂದರೆ ನೋಡಲು ಅರಿಸಿನದ ಪುಡಿಯೇ, ಆದರೆ ಒಮ್ಮೆ ಚೆಲ್ಲಿದ ಮೇಲೆ ಆ ಜಾಗದ ಮಾತೇ ಬೇರೆ. ಇನ್ನು ಅದರ ಮೇಲೆ ಕೂರುವ ಧೈರ್ಯ ನಮ್ಮ ಏಳು ತಲೆಮಾರಿನಲ್ಲಿ ಯಾರಿಗೂ ಇಲ್ಲ.

ಅದೇ ಹೊತ್ತಿಗೆ, ಬೆಂಚು ಅತ್ತೆಗೆ ಹಿಡಿಸಿತೋ ಇಲ್ಲವೋ ಎಂದು ವಿಚಾರಿಸಲು ಖಾದರ್‌ಭಾಯಿ ನಗುತ್ತ ಬಂದರು. ಭಂಡಾರ ನೋಡಿದರು, ಅತ್ತೆಯ ಮುಗಿದ ಕೈ ನೋಡಿದರು, ನಗುವನ್ನು ಹೊರಗೇ ಬಿಟ್ಟು ಚಪ್ಪಲಿ ಕಳಚಿ ಒಳಗೆ ಬಂದು ನನ್ನ ಕಿವಿಯ ಹತ್ತಿರ, "ಸಾರ್, ನಾ ಇದರ ಮ್ಯಾಲ ಕುಂತು ಜಿಗದೀನಲ್ರೀ" ಎಂದು ಪಿಸುಗುಟ್ಟಿದರು. "ಸುಮ್ನಿರ್ರಿ, ಆವಾಗ ಅದು ಪರಶಿ ಇತ್ತು" ಎಂದೆ. ಅವರು ಪರಶಿಗೊಂದು ಸಲಾಮು ಮಾಡಿ, ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾರೆಂದು ಹೊರಟುಹೋದರು. ಅವತ್ತು ಅವರ ಅಂಗಡಿಗೆ ರಜೆ.

ಈಗ ಅತ್ತೆಗೆ ಕೂರಲು ಜಾಗವಿಲ್ಲ. ಸಾವಿತ್ರಿ ಓಡಿಹೋಗಿ ಎದುರು ಮನೆಯಿಂದ ಕಬ್ಬಿಣದ ಕುರ್ಚಿ ತಂದಳು. ಅತ್ತೆ ಬೇಡವೆಂದು ಕೈಯಾಡಿಸಿಬಿಟ್ಟಳು. "ದೇವರ ಗದ್ದಿಗಿ ಮುಂದ ಕುರ್ಚಿ ಮ್ಯಾಲ ಕಾಲ್ ಇಳೇ ಬಿಟ್ಟು ಕುಂದ್ರಾಕ ಬರ್ತದೇನವಾ? ಅಲ್ಲಿ ನೆಲಕ್ಕ ಕುಂದ್ರಬೇಕು. ನೆಲಕ್ಕ ಕುಂದ್ರಾಕ ನನ್ನ ಮೊಣಕಾಲು ಒಲ್ಲೆ ಅಂತಾವ." ಒಳಗಿನ ಮಂಚಕ್ಕೆ ಕರೆದರೂ ಬರಲಿಲ್ಲ. ಹೀಗಾಗಿ ನಿಂತಳು. ಗೋಡೆಗೆ ಕೈ ಕೊಟ್ಟು ನಿಂತೇ ಚಹಾ ಕುಡಿದಳು. ನಿಂತೇ ಊರ ಸುದ್ದಿಯೆಲ್ಲ ಹೇಳಿದಳು. ನೋಡಲು ಬಂದ ಓಣಿಯ ಹೆಂಗಸರಿಗೆಲ್ಲ, "ನನ್ನ ಅಳಿಯಾ ತನ್ನ ಕೈಯಾರೆ ಮಾಡ್ಯಾನ" ಎಂದು ನಿಂತೇ ತೋರಿಸಿ ಕೈ ಮುಗಿಸಿದಳು. ಅವರಲ್ಲೊಬ್ಬಾಕೆ ಹೋಗಿ ತೆಂಗಿನಕಾಯಿ ತಂದು ಕೊಟ್ಟಳು. ಹೊತ್ತು ಇಳಿಯುತ್ತ ಬಂದ ಹಾಗೆ ಅತ್ತೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುವುದು ಹೆಚ್ಚಾಯಿತು.

ಕಡೆಗೆ ಅವಳೇ ಹೇಳಿದಳು. "ಮಾಳ್ಯಾ, ನಾ ಸಂಜಿ ಬಸ್ಸಿಗೆ ಹೋಗ್ತೀನಪ್ಪ. ಸಿಟ್ಟಿಲ್ಲ, ಖರೇ ಹೇಳ್ತೀನಿ. ಕುಂದ್ರಾಕ ಜಾಗ ಇಲ್ಲಂದ್ರೂ ನನ್ನ ಹೊಟ್ಟಿ ತುಂಬೈತಿ."

ಅಡುಗೆಮನೆಗೆ ಹೋಗಿ ಸಾವಿತ್ರಿಯ ಮುಖ ನೋಡಿದೆ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಸುಮ್ಮನಿದ್ದರೆ ಅತ್ತೆ ಸಂತೋಷದಿಂದ ಹೊರಟುಹೋಗುತ್ತಾಳೆ. ನಿಜ ಹೇಳಿದರೆ ದುಃಖಪಟ್ಟು ಹೊರಟುಹೋಗಬಹುದು. ಎರಡರಲ್ಲೂ ಬಸ್ಸು ಒಂದೇ. "ನೀವು ಏನರ ಹೇಳ್ರಿ, ಏನರ ಬಿಡ್ರಿ" ಎಂದು ಸಾವಿತ್ರಿ ದನಿ ತಗ್ಗಿಸಿದಳು, "ಮೊದಲು ಆ ಚಪ್ಪಲಿ ತೆಗೀಬೇಕ್ರಿ. ದೇವರ ಬುಡಕ್ಕ ಎಲ್ಲಾರ ಚಪ್ಪಲಿ ಅದಾವ." ಕಸ ಗುಡಿಸುವ ನೆಪದಲ್ಲಿ ಪೊರಕೆ ಹಿಡಿದು ಸಾವಿತ್ರಿ ಪಡಸಾಲೆಗೆ ನುಗ್ಗಿದಳು. "ದೀಪ ಹಚ್ಚೋ ಹೊತ್ತಿನ್ಯಾಗ ಕಸ ಹೊಡೀತಾರೇನವಾ?" ಎಂದು ಅತ್ತೆ ಗದರಿಸಿದಳು. ಪೊರಕೆ ವಾಪಸು ಬಂತು.

ಅತ್ತೆ ಕೈಯಲ್ಲಿ ತೆಂಗಿನಕಾಯಿ ಹಿಡಿದು ನನ್ನನ್ನು ಕರೆದಳು. "ಬಾ ಇಲ್ಲಿ. ನನಗ ಬಗ್ಗಾಕ ಬರಂಗಿಲ್ಲ. ಆ ಪರದಿ ಎತ್ತು, ಈ ಕಾಯಿ ಗದ್ದಿಗಿ ಕೆಳಗ ಇಟ್ಟು ಹೋಗ್ತೀನಿ."

ನಾನು ಪರದೆಯ ಮುಂದೆ ಬಗ್ಗಿ ಕೂತೆ. ಹಳದಿ ಬಟ್ಟೆಯ ಆಚೆ ನನ್ನ ಶಾಲೆಯ ಚಪ್ಪಲಿ, ಸಂತೆಯ ಚಪ್ಪಲಿ, ಸ್ನಾನದ ಮನೆಯ ಚಪ್ಪಲಿ ಎಲ್ಲವೂ ಉಸಿರು ಬಿಗಿಹಿಡಿದು ಕೂತಿದ್ದವು. ಕೈ ಮುಂದೆ ಹೋಗಲಿಲ್ಲ. ಅತ್ತೆಯ ಕಡೆ ತಿರುಗಿ, ಅವಳ ಕಾಲು ನೋಡುತ್ತಲೇ ಹೇಳಿಬಿಟ್ಟೆ.

"ಅತ್ತಿ, ಇದು ಗದ್ದಿಗಿ ಅಲ್ಲ. ನಿನಗ ಕುಂದ್ರಾಕ ಮಾಡಿದ ಬೆಂಚು. ನೀ ಎಂಟು ದಿನ ಇರ್ಲಿ ಅಂತ ಮಾಡೀನಿ. ಪರದಿ ಹಿಂದ ಉಳ್ಳಾಗಡ್ಡಿ, ಚಪ್ಪಲಿ ಎಲ್ಲಾ ಅದಾವ. ಕಂಬಳಿ ಹಾಸಿದ್ದು ನೀ ಮೆತ್ತಗ ಕುಂದ್ರಲಿ ಅಂತ. ನನಗ ಗೊತ್ತಾಗಲಿಲ್ಲ."

ಅತ್ತೆ ಕಂಬಳಿ ನೋಡಿದಳು, ಪರದೆ ನೋಡಿದಳು, ಕಾಯಿ ನೋಡಿದಳು. "ಹಂಗಾರ ಇದು ನನ್ನ ಜಾಗ?" ಎಂದಳು.

"ಹೂಂ."

"ಮಧ್ಯಾನದಿಂದ ನಾ ಕೈ ಮುಗಿಯಾಕತ್ತಿದ್ದು ನನಗ ನಾನೇ?"

ಬೈಗುಳ ಬರುತ್ತದೆಂದು ಕಣ್ಣು ಮುಚ್ಚಿದೆ. ಬಂದದ್ದು ನಗು. ಗೋಡೆ ಹಿಡಿದುಕೊಂಡು, ಕಾಯಿಯನ್ನು ಎದೆಗೊತ್ತಿಕೊಂಡು, ಮೈಯೆಲ್ಲ ಅಲುಗುವಂತೆ ನಕ್ಕಳು. "ಏ ಸಾವಿತ್ರೀ, ನೋಡವಾ, ಓಣಿ ಮಂದಿ ಕೈಲೆಲ್ಲಾ ನನ್ನ ಜಾಗಕ್ಕ ಕೈ ಮುಗಿಸೀನಿ!" ಎಂದು ಮತ್ತೆ ನಕ್ಕಳು. ನಗು ನಿಂತ ಮೇಲೆ ದನಿ ಬದಲಾಯಿತು. ಭಂಡಾರ ಬಿದ್ದದ್ದು ಬಿತ್ತು, ಅದನ್ನು ಸುಳ್ಳು ಮಾಡುವಂತಿಲ್ಲ ಎಂದಳು. ಆದರೆ ಗದ್ದುಗೆ ಕಂಬಳಿಯದು, ಕಲ್ಲಿನದಲ್ಲ. ಕಂಬಳಿ ಎಲ್ಲಿಗೆ ಹೋದರೆ ದೇವರೂ ಅಲ್ಲಿಗೆ ಹೋಗುತ್ತಾನೆ. ನನ್ನನ್ನು ಸ್ನಾನಕ್ಕೆ ಕಳಿಸಿದಳು. ಮಡಿಯುಟ್ಟು ಬಂದವನ ಎರಡೂ ಕೈಮೇಲೆ ಕಂಬಳಿ ಹೊರಿಸಿದಳು. ಮನೆಯಲ್ಲಿ ಎತ್ತರದ, ಚೊಕ್ಕಟ ಜಾಗ ಯಾವುದಿದೆ ಎಂದು ನೋಡುತ್ತ ಬಂದು, ಕಿಟಕಿಯ ಹತ್ತಿರದ ನನ್ನ ಬರೆಯುವ ಮೇಜನ್ನು ತೋರಿಸಿದಳು. ಫೋಟೊ ಅಲ್ಲಿಗೆ ಹೋಯಿತು, ಕಾಯಿ ಅಲ್ಲಿಗೆ ಹೋಯಿತು, ನನ್ನ ಉತ್ತರ ಪತ್ರಿಕೆಗಳು ಕೆಳಗೆ ಬಂದವು. ಆವತ್ತಿನಿಂದ ನಾನು ಪೇಪರು ತಿದ್ದುವುದು ಅಡುಗೆಮನೆಯ ಕಟ್ಟೆಯ ಮೇಲೆ. ಮಕ್ಕಳ ಅಂಕಗಳಿಗೆ ಆಗಾಗ ಒಗ್ಗರಣೆ ಸಿಡಿಯುತ್ತದೆ.

ಇಷ್ಟೆಲ್ಲ ಆಗುವ ಹೊತ್ತಿಗೆ ಸಂಜೆಯ ಬಸ್ಸು ಮಖ್ತಲ್ ದಾಟಿರಬೇಕು. ಅತ್ತೆ ಬಸ್ಸಿನ ಮಾತೇ ಎತ್ತಲಿಲ್ಲ. ನಿಧಾನವಾಗಿ ಬೆಂಚಿನ ಹತ್ತಿರ ಹೋಗಿ, ಕೈಯಿಂದ ಒಮ್ಮೆ ತಡವಿ, ಬರೀ ಪರಶಿಯ ಮೇಲೆ ಕೂತಳು. ಬೆನ್ನು ಗೋಡೆಗೆ, ಪಾದ ನೆಲಕ್ಕೆ, ಕಣ್ಣು ಓಣಿಗೆ. "ತಣ್ಣಗ ಐತಿ" ಎಂದಳು. ನಾನು ಎದುರಿಗೆ ನಿಂತು, ಪರಶಿ ಅಲುಗಾಡುತ್ತಿದೆಯೇ, ಇಟ್ಟಿಗೆ ಸರಿದಿದೆಯೇ, ಎತ್ತರ ಸಾಕೇ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದೆ. ಒಂದು ದಿಂಬು ಕೊಡಲೇ ಎಂದೆ.

"ದಿಂಬು ಬ್ಯಾಡ. ನೀ ಬಾ, ಕುಂದ್ರು" ಎಂದು ಪಕ್ಕದ ಕಲ್ಲನ್ನು ತಟ್ಟಿದಳು.

"ಇಲ್ಲತ್ತಿ, ನಾ ಇಲ್ಲೇ ನಿಂದರ್ತೀನಿ. ನೀ ಆರಾಮ ಕುಂದ್ರು."

"ಗದ್ವಾಲಿಗೆ ಬಂದಾಗೂ ಹಿಂಗ. ನಿಂದರ್ತಿ, ವಾಚ್ ನೋಡ್ತಿ, ಹೋಗ್ತಿ. ಬರೀ ಕುಂದ್ರಾಕ ನನ್ನ ಮನ್ಯಾಗ ಜಾಗ ಇಲ್ಲೇನು? ನಿನ್ನ ಬಾಜೂಕ ಕುಂದ್ರಬೇಕು ಅಂತ ಬಂದೀನೋ ನಾನು."

ಹೋಗಿ ಕೂತೆ. ಕೂತಮೇಲೆ ಗೊತ್ತಾಯಿತು: ಅತ್ತೆಯ ಮೊಣಕಾಲಿನ ಎತ್ತರ, ಅತ್ತೆಯ ಮೈಭಾರ, ಅತ್ತೆಗೆ ಓಣಿ ಕಾಣುವ ದಿಕ್ಕು ಎಲ್ಲವನ್ನೂ ಲೆಕ್ಕ ಹಾಕಿದ ಗಣಿತದ ಮೇಷ್ಟ್ರು, ಅವಳ ಪಕ್ಕದಲ್ಲಿ ತಾನೂ ಕೂರಬೇಕಾಗುತ್ತದೆ ಎಂಬುದನ್ನು ಲೆಕ್ಕಕ್ಕೇ ತಂದಿರಲಿಲ್ಲ. ಅರ್ಧ ನಾನು ಪರಶಿಯ ಮೇಲೆ, ಇನ್ನರ್ಧ ಗಾಳಿಯಲ್ಲಿ. ಅತ್ತೆ ನನ್ನ ತೋಳು ಹಿಡಿದುಕೊಂಡಳು, ಬೀಳದಿರಲಿ ಎಂದು.

ಎಂಟು ದಿನ ಎಂದೋ ಮುಗಿದಿವೆ. ಅತ್ತೆ ಹೋಗುವ ಮಾತೆತ್ತಿಲ್ಲ, ನಾನೂ ಎತ್ತುವುದಿಲ್ಲ. ದಿನಾ ಸಂಜೆ ಶಾಲೆಯಿಂದ ಬಂದೊಡನೆ ಅವಳು ಸ್ವಲ್ಪವೂ ಸರಿಯದೆ ಪಕ್ಕದ ಕಲ್ಲನ್ನು ತಟ್ಟುತ್ತಾಳೆ, ನಾನು ಅರ್ಧ ಕೂರುತ್ತೇನೆ.